ಮೂರನೇ ಸಲ ಜಿಮ್ ಸೇರುತ್ತಿದ್ದೇನೆ. ಈ ಸಲವಾದರೂ ಬಿಡದ ಹಾಗೆ ಏನು ಮಾಡಲಿ?

ಹನುಮಂತನಗರದ ಹೊಸಬ · ಜನವರಿ 18

ಎಲ್ಲರಿಗೂ ನಮಸ್ಕಾರ. ವಯಸ್ಸು 37, ತೂಕ 78 ಕೆಜಿ. ಆಡಿಟರ್ ಆಫೀಸಿನಲ್ಲಿ ಕೆಲಸ. ಬೆಳಗ್ಗೆ ಹತ್ತಕ್ಕೆ ಕುರ್ಚಿಯಲ್ಲಿ ಕೂತರೆ ಏಳುವುದು ಬೈಟು ಕಾಫಿಗೆ ಮಾತ್ರ.

2019ರಲ್ಲಿ ಒಂದು ವರ್ಷದ ದುಡ್ಡು ಒಟ್ಟಿಗೆ ಕಟ್ಟಿ 19 ದಿನ ಹೋದೆ. 2023ರ ಮೇನಲ್ಲಿ ಮತ್ತೆ ಕಟ್ಟಿದೆ. ಆ ಸಲ ಎರಡು ತಿಂಗಳು ಚೆನ್ನಾಗೇ ನಡೆಯಿತು. ಜುಲೈ ಬಂತು. ರಿಟರ್ನ್ ಫೈಲಿಂಗ್ ಅಂದರೆ ನಮಗೆ ಸುಗ್ಗಿ. ಹತ್ತು ದಿನ ತಪ್ಪಿತು. ಆಮೇಲೆ ಆ ಮೆಟ್ಟಿಲು ಹತ್ತಲು ನಾಚಿಕೆ. "ಏನ್ ಸಾರ್, ಆಳೇ ಇಲ್ಲ?" ಅಂತ ಟ್ರೇನರ್ ಕೇಳುತ್ತಾನಲ್ಲ, ಆ ಒಂದು ಮಾತಿಗೆ ಹೆದರಿ ಉಳಿದ ಹತ್ತು ತಿಂಗಳ ದುಡ್ಡು ಬಿಟ್ಟುಬಿಟ್ಟೆ. ನಗಬೇಡಿ.

ಮೊನ್ನೆ ಸಂಕ್ರಾಂತಿ ದಿನ ಗವಿ ಗಂಗಾಧರೇಶ್ವರನ ಗುಡಿ ಹತ್ತಿರ ಆ ನೂಕುನುಗ್ಗಲಿನಲ್ಲಿ ಅಕ್ಕನ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡೆ. ಹತ್ತು ನಿಮಿಷಕ್ಕೆ ಸೊಂಟ ಹಿಡಿದುಕೊಂಡಿತು. ಹುಡುಗನ ತೂಕ 16 ಕೆಜಿ. ಅಷ್ಟೇ.

ಜಿಮ್ ನೋಡಿದ್ದೇನೆ. ಬೇಕರಿ ಮೇಲೆ ಮೂರನೇ ಮಹಡಿ, ತಿಂಗಳಿಗೆ 1200. ಆದರೆ ಒಳಗೆ ಹೋದ ಮೇಲೆ ಏನು ಮಾಡಬೇಕು ಅನ್ನುವುದೇ ಗೊತ್ತಿಲ್ಲ. ಟ್ರೆಡ್‌ಮಿಲ್ ಮೇಲೆ ಇಪ್ಪತ್ತು ನಿಮಿಷ ನಡೆದು, ಖಾಲಿ ಇರುವ ಮೆಷಿನ್ ಹುಡುಕಿ ಎರಡು ಸಲ ಎಳೆದು ಮನೆಗೆ ಬರುತ್ತಿದ್ದೆ. ಇನ್ನೊಂದು, ಅಪ್ಪು ಹೋದ ಮೇಲೆ ನಮ್ಮಮ್ಮ ಜಿಮ್ ಅಂದರೆ ಬೆಚ್ಚಿ ಬೀಳುತ್ತಾರೆ. ಅವರಿಗೆ ಏನು ಹೇಳಲಿ?

ಬೈಟು ಕಾಫಿ · ಜನವರಿ 18

ಗುರುಗಳೇ, 19 ದಿನ ಹೋಗಿದ್ದೀರಿ. ನಾನು ದುಡ್ಡು ಕಟ್ಟಿದ ದಿನ ಫೋಟೋ ತೆಗೆಸಿಕೊಂಡು ಬಂದವನು ಮತ್ತೆ ಆ ರಸ್ತೆಯಲ್ಲೇ ಓಡಾಡಲಿಲ್ಲ. ನೀವು ನನ್ನ ಮುಂದೆ ಪೈಲ್ವಾನ್.

ಮೂರು ಸೆಟ್ ಮಂಜ · ಜನವರಿ 18

ನಾನು ಒಂಬತ್ತು ವರ್ಷದಿಂದ ಟ್ರೇನರ್. ವಿಜಯನಗರ ಕಡೆ. ಎಲ್ಲಿ ಅಂತ ಹೇಳುವುದಿಲ್ಲ, ಪ್ರಚಾರ ಅಂದುಕೊಳ್ಳುತ್ತೀರಿ.

ಮೊದಲು ದುಡ್ಡಿನ ಮಾತು. ವರ್ಷದ ಪ್ಯಾಕೇಜ್ ಕಟ್ಟಬೇಡಿ. ನಮ್ಮ ವ್ಯಾಪಾರ ನಿಂತಿರುವುದೇ ಕಟ್ಟಿ ಬಾರದವರ ದುಡ್ಡಿನ ಮೇಲೆ. ಜನವರಿಯಲ್ಲಿ ಸೇರಿದವರೆಲ್ಲ ದಿನಾ ಬಂದರೆ ನಿಲ್ಲಲು ಜಾಗ ಸಿಗುವುದಿಲ್ಲ. ತಿಂಗಳು ತಿಂಗಳು ಕಟ್ಟಿ. ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ.

ಈಗ ಒಳಗೆ ಏನು ಮಾಡುವುದು. ವಾರಕ್ಕೆ ಮೂರು ದಿನ ಸಾಕು. ಸೋಮವಾರ, ಬುಧವಾರ, ಶುಕ್ರವಾರ ಅಂದುಕೊಳ್ಳಿ. ಇವತ್ತು ಎದೆ, ನಾಳೆ ಕೈ ಅಂತ ಹಂಚಿಕೊಳ್ಳುವುದು ಹಳಬರಿಗೆ. ಹೊಸಬರು ಮೂರು ದಿನವೂ ಇಡೀ ಮೈಗೆ ಕೆಲಸ ಕೊಡಬೇಕು. ಮೈ ಮಾಡುವ ಕೆಲಸ ಲೆಕ್ಕ ಹಾಕಿದರೆ ನಾಲ್ಕೇ: ಕೂತು ಏಳುವುದು, ತಳ್ಳುವುದು, ಎಳೆಯುವುದು, ಬಗ್ಗಿ ಎತ್ತುವುದು. ಕೂತು ಏಳುವುದಕ್ಕೆ ಒಂದು ಡಂಬಲ್ ಅನ್ನು ಎದೆಗೆ ಅವುಚಿ ಹಿಡಿದು ಸ್ಕ್ವಾಟ್. ತಳ್ಳುವುದಕ್ಕೆ ಚೆಸ್ಟ್ ಪ್ರೆಸ್ ಮೆಷಿನ್. ಎಳೆಯುವುದಕ್ಕೆ, ಮೇಲಿನ ಕಂಬಿಯನ್ನು ಎದೆಯ ಕಡೆಗೆ ಎಳೆಯುವ ಮೆಷಿನ್, ಲ್ಯಾಟ್ ಪುಲ್‌ಡೌನ್. ಬಗ್ಗಿ ಎತ್ತುವುದಕ್ಕೆ ಎರಡು ಹಗುರ ಡಂಬಲ್ ಹಿಡಿದು ರೊಮೇನಿಯನ್ ಡೆಡ್‌ಲಿಫ್ಟ್. ಇದನ್ನು ಮಾತ್ರ ಮೊದಲ ದಿನ ಟ್ರೇನರ್ ಎದುರು ನಿಂತೇ ಕಲಿಯಿರಿ. ಬೆನ್ನು ಗೂನಾಗಬಾರದು, ಸೊಂಟ ಹಿಂದೆ ಹೋಗಬೇಕು. ಕೈ ತುಂಬ ಸಾಮಾನು ಇದ್ದಾಗ ಕಾರಿನ ಬಾಗಿಲನ್ನು ಹಿಂದಿನಿಂದ ನೂಕಿ ಮುಚ್ಚುತ್ತೇವಲ್ಲ, ಹಾಗೆ.

ಒಂದೊಂದು ಎರಡು ಸೆಟ್ (ನಡುವೆ ನಿಲ್ಲಿಸದೆ ಮಾಡುವ ಒಂದು ಸುತ್ತು ಅಂದರೆ ಒಂದು ಸೆಟ್), ಸೆಟ್‌ಗೆ ಹತ್ತು ಹನ್ನೆರಡು. ಸೆಟ್ ಮುಗಿದಾಗ "ಇನ್ನೂ ಮೂರು ಹೊಡೆಯಬಹುದಿತ್ತು" ಅನ್ನಿಸಬೇಕು. ಅನ್ನಿಸದಿದ್ದರೆ ತೂಕ ಜಾಸ್ತಿ ಆಯಿತು. ಮೂರನೇ ವಾರಕ್ಕೆ ಮೂರು ಸೆಟ್ ಮಾಡಿ. ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಎಷ್ಟು ಕೆಜಿ, ಎಷ್ಟು ಸಲ ಅಂತ ಬರೆದಿಡಿ. ಮೂರೂ ಸೆಟ್‌ನಲ್ಲಿ ಹನ್ನೆರಡು ಸಲೀಸಾಗಿ ಬಂದಾಗ ಮುಂದಿನ ತೂಕ. ಇಷ್ಟೇ ಗುಟ್ಟು. ಉಳಿದದ್ದೆಲ್ಲ ರೀಲ್ಸ್.

ಅಕ್ಕಿರೊಟ್ಟಿ · ಜನವರಿ 19

ಮಂಜಣ್ಣ, ಚೆನ್ನಾಗಿ ಹೇಳಿದಿರಿ. ಹೆಣ್ಣುಮಕ್ಕಳ ಕಡೆಯಿಂದ ಒಂದು ಮಾತು ನನ್ನದು.

ನಮ್ಮ ಮನೆಗೆ ಬರುವುದು ಕ್ಯಾನ್ ನೀರು. 20 ಲೀಟರ್ ಅಂದರೆ 20 ಕೆಜಿ. ಎರಡು ದಿನಕ್ಕೊಮ್ಮೆ ಅದನ್ನು ಎತ್ತಿ ಡಿಸ್ಪೆನ್ಸರ್ ಮೇಲೆ ಮಗುಚುವವಳು ನಾನು. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕೆಜಿ. ಅದನ್ನೂ ಉರುಳಿಸಿಕೊಂಡು ಒಳಗೆ ತರುವವಳು ನಾನೇ. ಜಿಮ್‌ಗೆ ಹೋದ ಮೊದಲ ದಿನ ನನಗೆ ಕೊಟ್ಟಿದ್ದು 1 ಕೆಜಿಯ ಗುಲಾಬಿ ಬಣ್ಣದ ಡಂಬಲ್! "ಮೇಡಂ, ಲೇಡೀಸ್‌ಗೆ ವೇಯ್ಟ್ ಬೇಡ, ಬಾಡಿ ಗಂಡಸರ ತರ ಆಗುತ್ತೆ" ಅಂದರು. ಮೂರು ತಿಂಗಳು ನಂಬಿದೆ ಕೂಡ.

ಆಮೇಲೆ ಜಾಗ ಬದಲಾಯಿಸಿದೆ. ಈಗ ಒಂದೂವರೆ ವರ್ಷ. ಪೂರ್ತಿ ಅಳತೆಯ ಉದ್ದ ರಾಡ್ ಖಾಲಿ ಇದ್ದರೇ 20 ಕೆಜಿ. ನಮ್ಮ ನೀರಿನ ಕ್ಯಾನ್ ಎಷ್ಟೋ ಅಷ್ಟೇ. ಅದಕ್ಕೆ ಎರಡು ಕಡೆ ಹತ್ತತ್ತು ಕೆಜಿ ಹಾಕಿ ಸ್ಕ್ವಾಟ್ ಹೊಡೆಯುತ್ತೇನೆ. ಗಂಡಸರ ತರ ಏನೂ ಆಗಿಲ್ಲ. ಬ್ಲೌಸಿನ ತೋಳು ಸ್ವಲ್ಪ ಬಿಚ್ಚಿಸಬೇಕಾಯಿತು, ನಿಜ. ಟೈಲರ್ ಒಂದು ತರಹ ನೋಡಿದರು.

ಇನ್ನೊಂದು. "ಪೋಸ್ಚರ್ ಸರಿ ಮಾಡುತ್ತೇನೆ" ಅಂತ ಕೇಳದೆ ಮೈ ಮುಟ್ಟುವ ಟ್ರೇನರ್ ಇದ್ದರೆ ಅಲ್ಲೇ ಹೇಳಿಬಿಡಿ. ಬಾಯಲ್ಲಿ ಹೇಳಿ, ತಾನು ಮಾಡಿ ತೋರಿಸಿ ಕಲಿಸಲು ಬರದವನು ಟ್ರೇನರ್ ಅಲ್ಲ.

ಮೂರು ಸೆಟ್ ಮಂಜ · ಜನವರಿ 19

ಅಕ್ಕ, ಆ ಗುಲಾಬಿ ಡಂಬಲ್ ನಮ್ಮಲ್ಲೂ ಇದೆ. ಬಾಗಿಲಿಗೆ ಅಡ್ಡ ಇಡಲು ಬಳಸುತ್ತೇವೆ. ಹೊಸಬರಿಗೆ ಒಂದು ಎಚ್ಚರಿಕೆ: ಸಣ್ಣ ಜಿಮ್‌ಗಳಲ್ಲಿ ಗಿಡ್ಡ ರಾಡ್, ಹಗುರ ರಾಡ್ ಎಲ್ಲ ಇರುತ್ತವೆ. ಯಾವುದು ಎಷ್ಟು ತೂಕ ಅಂತ ಕೇಳಿಕೊಳ್ಳಿ.

ವಾರ್ಡ್ ಸಿಸ್ಟರ್ · ಜನವರಿ 19

ಅಮ್ಮನ ಭಯದ ಬಗ್ಗೆ ಬರೆಯುತ್ತೇನೆ. ನಾನು ನರ್ಸ್, 14 ವರ್ಷದಿಂದ. ಪುನೀತ್ ತೀರಿಕೊಂಡಿದ್ದು 2021ರ ಅಕ್ಟೋಬರ್ 29. ಅವರಿಗೆ 46 ವರ್ಷ. ಆಮೇಲೆ ಜಯದೇವ ಆಸ್ಪತ್ರೆ ಮುಂದೆ ಹೃದಯ ತೋರಿಸಿಕೊಳ್ಳಲು ಸಾಲು ನಿಂತಿತ್ತಲ್ಲ, ನೆನಪಿರಬಹುದು. ಆ ಭಯ ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಆದರೆ ಒಬ್ಬರ ಸಾವನ್ನು ಹಿಡಿದು ವ್ಯಾಯಾಮದ ತಲೆಗೆ ಕಟ್ಟುವುದು ಸರಿಯಲ್ಲ. ಸುಮ್ನೆ ಕೂತಿರುವುದು ಹೃದಯಕ್ಕೆ ಒಳ್ಳೆಯದಲ್ಲ ಅನ್ನುವುದನ್ನು ನಾವು ವಾರ್ಡಿನಲ್ಲಿ ದಿನಾ ನೋಡುತ್ತೇವೆ.

ನೀವು ಮಾಡಬೇಕಾದದ್ದು ಇಷ್ಟು. ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ. ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಿಗಾದರೂ ಹಾರ್ಟ್ ಅಟ್ಯಾಕ್ ಆಗಿದ್ದರೆ, ನೀವು ಸಿಗರೇಟು ಸೇದುತ್ತಿದ್ದರೆ, ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತಿದ್ದರೆ ಅದನ್ನು ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ. ಇಸಿಜಿ ಒಂದೇ ನಾರ್ಮಲ್ ಬಂದರೆ ಎಲ್ಲ ಸರಿ ಅಂತ ಅರ್ಥವಲ್ಲ. ಇನ್ನೇನು ಪರೀಕ್ಷೆ ಬೇಕು ಅಂತ ಅವರೇ ಹೇಳುತ್ತಾರೆ.

ವ್ಯಾಯಾಮದ ನಡುವೆ ಎದೆ ಹಿಂಡಿದ ಹಾಗೆ ಆದರೆ, ನೋವು ಎಡಗೈಗೋ ದವಡೆಗೋ ಇಳಿದರೆ, ತಣ್ಣನೆ ಬೆವರು ಬಂದರೆ, ಕಣ್ಣು ಕತ್ತಲೆ ಕಟ್ಟಿದರೆ ಆ ಕ್ಷಣವೇ ನಿಲ್ಲಿಸಿ, ಪಕ್ಕದವರಿಗೆ ಹೇಳಿ. "ಗ್ಯಾಸ್ ಇರಬೇಕು" ಅಂತ ಸೋಡಾ ಕುಡಿದುಕೊಂಡು ಕೂರಬೇಡಿ. 108ಕ್ಕೆ ಫೋನ್ ಮಾಡಿಸಿ. ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದರೆ, ಜ್ವರ ಇದ್ದರೆ ಅವತ್ತು ಹೋಗಲೇಬೇಡಿ. ಅಮ್ಮನನ್ನೂ ಚೆಕಪ್‌ಗೆ ಜೊತೆಗೆ ಕರೆದುಕೊಂಡು ಹೋಗಿ. ಡಾಕ್ಟರ್ ಬಾಯಿಂದಲೇ ಕೇಳಲಿ.

ಪೇಟೆ ಗರಡಿ · ಜನವರಿ 20

ದುಡ್ಡು ಯಾಕೆ ಖರ್ಚು ಮಾಡುತ್ತೀರಿ? ಬೆಂಗಳೂರಿಗೆ ಜಿಮ್ ಬರುವ ಮೊದಲೇ ಗರಡಿ ಮನೆ ಇತ್ತು. ನಾನು ಹತ್ತನೇ ವಯಸ್ಸಿನಿಂದ ನಗರ್ತಪೇಟೆ ಕಡೆಯ ಗರಡಿಯಲ್ಲಿ ಸಾಮು ಮಾಡಿದವನು. ಕರಗದ ವೀರಕುಮಾರರಿಗೂ ಪೇಟೆಯ ಗರಡಿಗಳಿಗೂ ಹಳೇ ನಂಟು. ಬಸ್ಕಿ, ದಂಡ, ಗದೆ, ಮಟ್ಟಿ (ಕುಸ್ತಿ ಆಡುವ ಮಣ್ಣಿನ ಕಣ). ಎಸಿ ಇಲ್ಲ, ಡಬ್ಬಾ ಹಾಡಿಲ್ಲ. ಮಟ್ಟಿಗೆ ಕೈ ಮುಗಿದು ಇಳಿದರೆ ಆಯಿತು. ನೀವು ಸ್ಕ್ವಾಟ್ ಅಂತ ದುಡ್ಡು ಕೊಟ್ಟು ಮಾಡುವುದು ನಮ್ಮ ಬಸ್ಕಿಯನ್ನೇ.

ಬೈಟು ಕಾಫಿ · ಜನವರಿ 20

ನಮ್ಮ ಕನ್ನಡ ಮೇಷ್ಟ್ರು ಹೋಂವರ್ಕ್ ಮಾಡದಿದ್ದರೆ ಇದನ್ನು ಪುಕ್ಕಟೆ ಮಾಡಿಸುತ್ತಿದ್ದರು, ಕಿವಿ ಹಿಡಿದುಕೊಂಡು.

ಮೂರು ಸೆಟ್ ಮಂಜ · ಜನವರಿ 20

ಗರಡಿ ಬಗ್ಗೆ ನನಗೂ ಗೌರವ ಇದೆ. ಆದರೆ ಎರಡನ್ನೂ ಜಗಳಕ್ಕೆ ಯಾಕೆ ಬಿಡಬೇಕು? ನಮ್ಮೂರಲ್ಲೇ ಪ್ರೊಫೆಸರ್ ಕೆ.ವಿ. ಅಯ್ಯರ್ ಇದ್ದರು, ಕಾದಂಬರಿಕಾರರೂ ಹೌದು. ಸ್ವಾತಂತ್ರ್ಯಕ್ಕೂ ಮುಂಚೆಯೇ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದರು. ಸೂರ್ಯ ನಮಸ್ಕಾರವನ್ನೂ ಬಾರ್‌ಬೆಲ್ಲನ್ನೂ ಒಂದೇ ಸೂರಿನಡಿ ಕಲಿಸಿದರು. ಅಂಚೆ ಮೂಲಕವೂ ಪಾಠ ಕಳಿಸುತ್ತಿದ್ದರು. ಇವತ್ತಿನ ಆನ್‌ಲೈನ್ ಕೋಚಿಂಗ್ ಅದೇ ತಾನೇ? ಆಗ ಪೋಸ್ಟ್‌ಮ್ಯಾನ್ ತರುತ್ತಿದ್ದ, ಈಗ ಫೋನ್ ತರುತ್ತದೆ.

ಬಸ್ಕಿಗೂ ಬಾರ್‌ಬೆಲ್‌ಗೂ ಒಂದು ವ್ಯತ್ಯಾಸ ಮಾತ್ರ ಇದೆ. ಬಸ್ಕಿಯಲ್ಲಿ ಎಣಿಕೆ ಜಾಸ್ತಿ ಮಾಡುತ್ತಾ ಹೋಗುತ್ತೀರಿ. ರಾಡ್‌ನಲ್ಲಿ ತೂಕವನ್ನು ಎರಡೂವರೆ ಕೆಜಿಯಂತೆ ಏರಿಸಬಹುದು. 37ರ ವಯಸ್ಸಿನಲ್ಲಿ ಶುರು ಮಾಡುವವನಿಗೆ ಎರಡನೆಯದು ಸುಲಭ.

ಎಂಬತ್ತಡಿ ರಸ್ತೆ · ಜನವರಿ 21

ಎಣಿಕೆ ಅಂದಿರಲ್ಲ, ನನ್ನ ಕಥೆ ಕೇಳಿ. ಎರಡು ವರ್ಷದ ಹಿಂದೆ ಒಂದು ಜಿಮ್‌ನಲ್ಲಿ ಮೊದಲ ದಿನವೇ ಟ್ರೇನರ್ 200 ಸ್ಕ್ವಾಟ್ ಮಾಡಿಸಿದ. ಪಕ್ಕದಲ್ಲಿ ಫ್ರೆಂಡ್ ಇದ್ದ, ಬಿಡಲು ಅಹಂ. ಮಾರನೇ ದಿನ ಕಮೋಡ್ ಮೇಲೆ ಕೂರಲು ಆಗಲಿಲ್ಲ. ಅದು ಮಾಮೂಲಿ ಅಂದುಕೊಂಡೆ. ಮೂರನೇ ದಿನ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂತು. ತೊಡೆ ಊದಿತ್ತು. ನಾಲ್ಕು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದೆ.

ವಾರ್ಡ್ ಸಿಸ್ಟರ್ · ಜನವರಿ 21

ಬೇಗ ಹೋದಿರಿ, ಒಳ್ಳೆಯದಾಯಿತು. ಇದಕ್ಕೆ ರಾಬ್ಡೋಮಯೋಲಿಸಿಸ್ ಅನ್ನುತ್ತಾರೆ. ಸ್ನಾಯು ವಿಪರೀತ ಹರಿದು, ಅದರೊಳಗಿನದು ರಕ್ತಕ್ಕೆ ಸೇರಿ ಕಿಡ್ನಿಗೆ ಹೊರೆಯಾಗುತ್ತದೆ. ಮಾಮೂಲಿ ಮೈಕೈ ನೋವು ಒಂದೆರಡು ದಿನ ಏರಿ, ಮೂರನೇ ದಿನದಿಂದ ಇಳಿಯುತ್ತದೆ. ನೋವು ಇಳಿಯದೆ ಊದುತ್ತಾ ಹೋದರೆ, ಮೂತ್ರ ಕಪ್ಪಾದರೆ ಕಾಯಬೇಡಿ. ಮೊದಲ ವಾರ ಕಡಿಮೆ ಮಾಡಿ ಅಂತ ಮಂಜಣ್ಣ ಬರೆದಿದ್ದು ಅದಕ್ಕೇ.

ಹನುಮಂತನಗರದ ಹೊಸಬ · ಜನವರಿ 22

ಓದಿ ಸ್ವಲ್ಪ ಹೆದರಿಕೆಯಾಯಿತು, ಆದರೂ ಧೈರ್ಯ ಬಂತು. ಅಮ್ಮನ ಜೊತೆ ಹೋಗಿ ಚೆಕಪ್ ಮಾಡಿಸಿದೆ. ನನ್ನದು ಸರಿ ಇದೆ, ಕೊಲೆಸ್ಟ್ರಾಲ್ ಅಂಚಿನಲ್ಲಿದೆ. ತಮಾಷೆ ಅಂದರೆ ಅಮ್ಮನಿಗೇ ಬಿಪಿ ಇರುವುದು ಗೊತ್ತಾಯಿತು. "ಅಮ್ಮ, ನೀವೂ ದಿನಾ ಅರ್ಧ ಗಂಟೆ ನಡೆಯಬೇಕು" ಅಂದರು ಡಾಕ್ಟರ್. ಈಗ ನನಗೆ ಬೈಯುವುದು ನಿಂತಿದೆ.

ಊಟದ ಬಗ್ಗೆ ಹೇಳಿ. ಮನೆಯಲ್ಲಿ ಸಸ್ಯಾಹಾರ. ಹೊರಗೆ ಮೊಟ್ಟೆ ತಿನ್ನುತ್ತೇನೆ (ಅಮ್ಮ ಇದನ್ನು ಓದುವುದಿಲ್ಲ ಅಂತ ನಂಬಿದ್ದೇನೆ). ಪೌಡರ್ ತಗೊಳ್ಳಲೇಬೇಕಾ?

ಅಕ್ಕಿರೊಟ್ಟಿ · ಜನವರಿ 22

ಬೇಡ. ಮೊದಲು ತಟ್ಟೆ ನೋಡಿ. ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಅಂತ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಲೆಕ್ಕ. ನಿಮಗೆ 65 ಗ್ರಾಂ ಆಯಿತು. ತೂಕ ಎತ್ತುವವರಿಗೆ 1.2 ಗ್ರಾಂ ಹಿಡಿದರೆ ಸುಮಾರು 94. ನಮ್ಮ ದರ್ಶಿನಿ ತಿಂಡಿಯಲ್ಲಿ ಇದು ಎಲ್ಲಿ ಸಿಗಬೇಕು? ಎರಡು ಇಡ್ಲಿ ಅಂದರೆ ನಾಲ್ಕೈದು ಗ್ರಾಂ. ಚಟ್ನಿ ಎಷ್ಟು ಸಲ ಹಾಕಿಸಿಕೊಂಡರೂ ಅಷ್ಟೇ.

ಒಂದು ಮೊಟ್ಟೆಗೆ 6 ಗ್ರಾಂ. ಒಂದು ದೊಡ್ಡ ಲೋಟ ಹಾಲಿಗೆ 8. ಒಂದು ಹಿಡಿ ಕಡಲೆಕಾಯಿ ಬೀಜಕ್ಕೆ 7. ಸೋಯಾ ಚಂಕ್ಸ್ ಒಣಗಿದ್ದು 50 ಗ್ರಾಂ ಹಾಕಿದರೆ 25 ದಾಟುತ್ತದೆ, ಪಲ್ಯಕ್ಕೂ ಬರುತ್ತದೆ, ಪಲಾವಿಗೂ ಬರುತ್ತದೆ. ಹುರುಳಿ, ಹೆಸರುಕಾಳು ಮೊಳಕೆ ಕಟ್ಟಿ ಉಸಲಿ ಮಾಡಿ. ಈಗ ಅವರೆಕಾಯಿ ಕಾಲ. ಹಿತಕಿದ ಬೇಳೆ ಸಾರನ್ನು ತಟ್ಟೆಯಲ್ಲಿ ನೆಪಕ್ಕೆ ಬಡಿಸಿಕೊಳ್ಳಬೇಡಿ, ಬೇಳೆ ಬಾಚಿ ತಿನ್ನಿ. ಸಾರಿನ ತಿಳಿ ಮಾತ್ರ ಕಲಸಿಕೊಂಡು ಬೇಳೆ ತಿಂದೆ ಅನ್ನುವುದು ನಮ್ಮ ಎಲ್ಲ ಮನೆಗಳ ಸುಳ್ಳು.

ಮುದ್ದೆ ಪ್ರೇಮಿ · ಜನವರಿ 22

ಮುದ್ದೆ ಬಿಟ್ಟಿರಿ! ರಾಗಿಯಲ್ಲೇ ಎಲ್ಲ ಪ್ರೋಟೀನ್ ಇದೆ.

ಅಕ್ಕಿರೊಟ್ಟಿ · ಜನವರಿ 22

ಇಲ್ಲ ಅಣ್ಣ. ರಾಗಿಯ ಹೆಚ್ಚುಗಾರಿಕೆ ಕ್ಯಾಲ್ಸಿಯಂ ಮತ್ತು ನಾರು. ಪ್ರೋಟೀನ್ 100 ಗ್ರಾಂ ಹಿಟ್ಟಿಗೆ ಏಳರ ಆಸುಪಾಸು ಅಷ್ಟೇ. ಮುದ್ದೆ ಜೊತೆ ಉಪ್ಸಾರಿನ ಕಾಳು ಇರುತ್ತದಲ್ಲ, ಪ್ರೋಟೀನ್ ಅದರಲ್ಲಿದೆ. ಮುದ್ದೆ ತಿನ್ನಿ, ಕಾಳು ಡಬಲ್ ಹಾಕಿಸಿಕೊಳ್ಳಿ.

ಮೂರು ಸೆಟ್ ಮಂಜ · ಜನವರಿ 23

ಪೌಡರ್ ಬಗ್ಗೆ. ವೇ ಅಂದರೆ ಹಾಲು ಒಡೆದಾಗ ಉಳಿಯುವ ನೀರಿನಿಂದ ತೆಗೆದ ಪ್ರೋಟೀನ್, ಮಾಯಾಮಂತ್ರ ಏನಿಲ್ಲ. ಊಟದಲ್ಲಿ ಸಾಲದಿದ್ದರೆ ತಗೊಳ್ಳಿ. ಡಬ್ಬದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಾ ನೋಡಿ. ಟ್ರೇನರ್ ಕೈಯಿಂದ ಬಿಲ್ ಇಲ್ಲದೆ ಕೊಳ್ಳಬೇಡಿ. ನನ್ನ ಕೈಯಿಂದಲೂ ಬೇಡ.

"ಮೂರು ತಿಂಗಳಲ್ಲಿ ಕಟ್ಸ್ ಬರಿಸುತ್ತೇನೆ, ಒಂದು ಇಂಜೆಕ್ಷನ್ ಇದೆ" ಅಂದರೆ ಅದು ಸ್ಟೀರಾಯ್ಡ್. ಚಪ್ಪಲಿ ಹಾಕಿಕೊಂಡು ಕೆಳಗೆ ಇಳಿಯಿರಿ. ಹತ್ತೊಂಬತ್ತರ ಹುಡುಗರು ಬಂದು ಇದನ್ನೇ ಕೇಳುತ್ತಾರೆ ನನ್ನ ಹತ್ತಿರ. ಬೈದು ಕಳಿಸಿದರೆ ಪಕ್ಕದ ಬೀದಿಗೆ ಹೋಗುತ್ತಾರೆ. ಅದೊಂದು ಸಂಕಟ.

ರಿಟೈರ್ಡ್ ಕ್ಯಾಷಿಯರ್ · ಜನವರಿ 25

ನಾನು ಈ ಚರ್ಚೆ ಓದುತ್ತಾ ಇದ್ದೆ. ವಯಸ್ಸು 63. ಕೃಷ್ಣರಾವ್ ಪಾರ್ಕಿನಲ್ಲಿ ದಿನಾ ನಡೆಯುತ್ತೇನೆ. ಅಲ್ಲಿ ಇರುವಂಥ ಬಯಲು ಮೆಷಿನ್‌ಗಳ ಮೇಲೆ ಕಾಲು ಆಡಿಸುತ್ತೇನೆ. ಸಾಕಲ್ಲವೇ? ಮಂಡಿ ಸ್ವಲ್ಪ ತೊಂದರೆ. ಮೆಟ್ರೋ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಬೇಕು.

ವಾರ್ಡ್ ಸಿಸ್ಟರ್ · ಜನವರಿ 25

ಸಾರ್, ನಡಿಗೆ ಬಿಡಬೇಡಿ. ವಾರಕ್ಕೆ 150 ನಿಮಿಷವಾದರೂ ಚುರುಕು ನಡಿಗೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದರೆ ಅದೇ ಸಲಹೆಯಲ್ಲಿ ಇನ್ನೊಂದು ಸಾಲು ಇದೆ, ಅದನ್ನು ಯಾರೂ ಓದುವುದಿಲ್ಲ: ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಪಾರ್ಕಿನ ಮೆಷಿನ್ ಒಳ್ಳೆಯದೇ, ಆದರೆ ಅದರಲ್ಲಿ ಭಾರ ಏರಿಸಲು ಬರುವುದಿಲ್ಲ. ಮಂಡಿ ಸುತ್ತಲಿನ ಸ್ನಾಯು ಗಟ್ಟಿಯಾದರೆ ಎಷ್ಟೋ ಜನರಿಗೆ ನೋವು ಕಡಿಮೆಯಾಗುತ್ತದೆ. ಮನೆಯಲ್ಲಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದರಿಂದ ಶುರು ಮಾಡಿ, ಹತ್ತು ಸಲ. ಉಸಿರು ಬಿಗಿ ಹಿಡಿಯಬೇಡಿ, ಬಿಪಿ ಏರುತ್ತದೆ. ಏಳುವಾಗ ಉಸಿರು ಬಿಡಿ.

ಎಂಬತ್ತಡಿ ರಸ್ತೆ · ಫೆಬ್ರವರಿ 2

ನನಗೆ ಹೊಸ ಜಿಮ್‌ನಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿ ಬಿಲ್ ಕೊಟ್ಟಿದ್ದಾರೆ. ಸರಿನಾ?

ಹನುಮಂತನಗರದ ಹೊಸಬ · ಫೆಬ್ರವರಿ 2

ಅಬ್ಬಾ, ಕೊನೆಗೂ ನನಗೆ ಗೊತ್ತಿರುವ ವಿಷಯ! ತಪ್ಪು ಬಿಲ್. 2025ರ ಸೆಪ್ಟೆಂಬರ್ 22ರಿಂದ ಜಿಮ್‌ಗೆ ಜಿಎಸ್‌ಟಿ 5 ಪರ್ಸೆಂಟ್. ವರ್ಷಕ್ಕೆ 20 ಲಕ್ಷಕ್ಕಿಂತ ಕಡಿಮೆ ವಹಿವಾಟು ಇರುವ ಸಣ್ಣ ಜಿಮ್ ಸಾಮಾನ್ಯವಾಗಿ ನೋಂದಣಿಯನ್ನೇ ಮಾಡಿಸಬೇಕಾಗಿಲ್ಲ. ನೋಂದಣಿ ಇಲ್ಲದವರು ಜಿಎಸ್‌ಟಿ ಅಂತ ಒಂದು ರೂಪಾಯಿ ವಸೂಲಿ ಮಾಡುವ ಹಾಗಿಲ್ಲ. ಬಿಲ್ ಮೇಲೆ ಜಿಎಸ್‌ಟಿ ನಂಬರ್ ಇದೆಯಾ ನೋಡಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ನನ್ನ ವರದಿ: ಎರಡು ವಾರದಲ್ಲಿ ಆರು ದಿನ ಹೋಗಬೇಕಿತ್ತು, ಐದು ದಿನ ಹೋದೆ. ಮೊದಲ ದಿನ ಕನ್ನಡಿ ನೋಡಲು ಆಗಲಿಲ್ಲ. ಮೂರನೇ ದಿನ ಗೊತ್ತಾಯಿತು, ಅಲ್ಲಿ ಯಾರೂ ನನ್ನನ್ನು ನೋಡುತ್ತಿಲ್ಲ. ಎಲ್ಲರೂ ತಮ್ಮ ತೋಳನ್ನೇ ನೋಡಿಕೊಳ್ಳುತ್ತಿದ್ದಾರೆ.

ಹನುಮಂತನಗರದ ಹೊಸಬ · ಏಪ್ರಿಲ್ 6

ಮಾರ್ಚ್ 31ರ ಗಲಾಟೆಯಲ್ಲಿ ಹದಿಮೂರು ದಿನ ತಪ್ಪಿತು. ಅದೇ ಹಳೇ ಕಥೆ. ಭಾನುವಾರ ರಾತ್ರಿ ಮಲಗುವಾಗ ಹೊಟ್ಟೆಯಲ್ಲಿ ಅದೇ ಹಳೇ ಸಂಕಟ. ಬೆಳಗ್ಗೆ ಎದ್ದು ಈ ಚರ್ಚೆಯನ್ನು ಮೊದಲಿನಿಂದ ಓದಿ ಹೊರಟೆ. ಟ್ರೇನರ್ ಕೇಳಿಯೇ ಕೇಳಿದ, "ಏನ್ ಸಾರ್, ಆಳೇ ಇಲ್ಲ?" "ಇಯರ್ ಎಂಡ್ ಕಣಪ್ಪಾ" ಅಂದೆ. "ಸರಿ, ಇವತ್ತು ತೂಕ ಸ್ವಲ್ಪ ಇಳಿಸಿ ಮಾಡಿ" ಅಂದ. ಮಾತು ಮುಗಿಯಿತು. ಇದಕ್ಕೆ ನಾನು 2023ರಲ್ಲಿ ಹತ್ತು ತಿಂಗಳ ದುಡ್ಡು ಬಿಟ್ಟಿದ್ದೆ.

ನೋಟ್‌ಬುಕ್ ಪ್ರಕಾರ ಮೊದಲ ದಿನದ ಸ್ಕ್ವಾಟ್ 5 ಕೆಜಿ ಡಂಬಲ್. ಈಗ 17.5. ಅಕ್ಕನ ಮಗನಿಗಿಂತ ಒಂದೂವರೆ ಕೆಜಿ ಜಾಸ್ತಿ. ಮೈತೂಕ ಮಾತ್ರ 76ರಲ್ಲೇ ನಿಂತಿದೆ, ಬೆಲ್ಟ್ ಒಂದು ತೂತು ಒಳಗೆ ಹೋಗಿದೆ.

ಬೈಟು ಕಾಫಿ · ಏಪ್ರಿಲ್ 6

ಬೇಕರಿ ಮೇಲಿನ ಜಿಮ್ ಅಂದಿರಲ್ಲ, ಕೆಳಗೆ ಇಳಿದು ಆಲೂ ಬನ್ ತಿನ್ನುತ್ತೀರಾ ಇಲ್ಲವಾ? ನಿಜ ಹೇಳಿ.

ಹನುಮಂತನಗರದ ಹೊಸಬ · ಏಪ್ರಿಲ್ 6

ಶುಕ್ರವಾರ ಮಾತ್ರ.

ರಿಟೈರ್ಡ್ ಕ್ಯಾಷಿಯರ್ · ಏಪ್ರಿಲ್ 7

ಕುರ್ಚಿ ವ್ಯಾಯಾಮ ಹತ್ತರಿಂದ ಮೂವತ್ತಕ್ಕೆ ಬಂದಿದೆ. ಇಳಿಯುವಾಗ ಕಂಬಿ ಹತ್ತಿರವೇ ಇರುತ್ತೇನೆ, ಹಿಡಿಯುವುದಿಲ್ಲ. ಡಾಕ್ಟರನ್ನು ಕೇಳಿದೆ, ಹಗುರ ತೂಕ ಎತ್ತಬಹುದು ಅಂದರು. ನಿಮ್ಮ ಜಿಮ್ ನಮ್ಮ ಮನೆಯಿಂದ ದೂರವಿಲ್ಲ ಅನಿಸುತ್ತದೆ. ಅಲ್ಲಿ ಲಿಫ್ಟ್ ಇದೆಯಾ?

ಹನುಮಂತನಗರದ ಹೊಸಬ · ಏಪ್ರಿಲ್ 7

ಇಲ್ಲ ಸಾರ್, ಮೂರು ಮಹಡಿಯೂ ಮೆಟ್ಟಿಲೇ. ಎಡಗಡೆ ಕಂಬಿ ಇದೆ. ಬುಧವಾರ ಬೆಳಗ್ಗೆ ಆರೂವರೆಗೆ ಬನ್ನಿ, ಬೇಕರಿ ಮುಂದೆ ನಿಂತಿರುತ್ತೇನೆ. ನಿಧಾನವಾಗಿ ಹತ್ತೋಣ.